ಪೋರ್ಷೆ 911: ಗಾಳಿಯಿಂದ ತಣಿಯುತ್ತಿದ್ದ ಹಳೆಯ ಪೀಳಿಗೆಗೂ ನೀರಿನಿಂದ ತಣಿಯುವ ಹೊಸ ಪೀಳಿಗೆಗೂ ನಿಜವಾದ ವ್ಯತ್ಯಾಸ ಎಲ್ಲಿದೆ?

ಸರಸ್ವತಿಪುರಂ ಮೇಷ್ಟ್ರು (ಮೈಸೂರು)

ಪಾಠ ಹೇಳುವ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾಯಿತು. ಮೆಕ್ಯಾನಿಕಲ್ ವಿಭಾಗದಲ್ಲಿ ವಾಹನಗಳ ಚಲನೆಯ ಪಾಠಕ್ಕೆ ಬಂದಾಗಲೆಲ್ಲ ನಾನು ಪೋರ್ಷೆ 911 ಕಾರಿನ ಉದಾಹರಣೆ ಕೊಡುತ್ತಿದ್ದೆ. ಎಂಜಿನ್ನನ್ನು ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ ಕೂರಿಸಿರುವ ಈ ಕಾರು 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಿಂದ ಇಂದಿನವರೆಗೆ ಅದೇ ಜೋಡಣೆಯಲ್ಲಿ ಹೇಗೆ ಉಳಿದು ಬಂತು ಎಂದು ಕೇಳಿ, ತೂಕದ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸುತ್ತಿದ್ದೆ. ಕಾರನ್ನು ಮಾತ್ರ ಮುಟ್ಟಿಯೂ ನೋಡಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಸ್ಟುಟ್‌ಗಾರ್ಟ್‌ನಲ್ಲಿರುವ ತಂಗಿಯ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅವನ ಸಹೋದ್ಯೋಗಿಯೊಬ್ಬರ ಬಳಿ 1995ರ 911 ಇದೆ, ಅಂದರೆ ಗಾಳಿಯಿಂದ ತಣಿಯುವ ಎಂಜಿನ್ನಿನ ಕೊನೆಯ ಪೀಳಿಗೆಯಾದ 993. ಅವರ ಅಣ್ಣನ ಬಳಿ 2020ರ 992 ಕರೇರಾ ಇದೆ, ಅಂದರೆ ನೀರಿನಿಂದ ತಣಿಯುವ ಈಗಿನ ಪೀಳಿಗೆಯ ಮೂಲ ಮಾದರಿ. 991, 992, 993 ಮುಂತಾದ ಅಂಕಿಗಳು 911ರ ಪೀಳಿಗೆಗಳ ಹೆಸರುಗಳು. ಒಂದು ಭಾನುವಾರ ಬೆಳಗ್ಗೆ ಬಾಡೆನ್ ಬಾಡೆನ್‌ನಿಂದ ಫ್ರಾಯ್ಡೆನ್‌ಶ್ಟಾಟ್ ಕಡೆಗೆ ಬ್ಲಾಕ್ ಫಾರೆಸ್ಟ್ ಬೆಟ್ಟಗಳ ನೆತ್ತಿಯ ಮೇಲೆ ಹೋಗುವ ರಸ್ತೆಯಲ್ಲಿ ಎರಡನ್ನೂ ಒಂದರ ಹಿಂದೊಂದು ಓಡಿಸುವ ಭಾಗ್ಯ ನನಗೆ ಒದಗಿತು. ಎಡಗಡೆಯ ಸ್ಟಿಯರಿಂಗ್ ನನಗೆ ಹೊಸದು, ರಸ್ತೆಯ ಬಲಬದಿಯಲ್ಲಿ ಓಡಿಸುವುದೂ ಹೊಸದು. ಆದ್ದರಿಂದ ನಿಧಾನವಾಗಿಯೇ ಓಡಿಸಿದೆ. ಆ ನಿಧಾನದಿಂದಾಗಿಯೇ ನನಗೆ ಕೆಲವು ಸಂಗತಿಗಳು ತಿಳಿದವು ಎಂದು ಈಗ ಅನ್ನಿಸುತ್ತದೆ.

993ರಲ್ಲಿ ಕುಳಿತ ಕೂಡಲೇ ಮೊದಲು ಗಮನಕ್ಕೆ ಬರುವುದು ಅದರ ಇಕ್ಕಟ್ಟು. ಮುಂದಿನ ಗಾಜು ನೆಟ್ಟಗೆ ನಿಂತಿದೆ, ಅದರಾಚೆ ಎರಡು ಬದಿಯ ಮಡ್‌ಗಾರ್ಡುಗಳ ಉಬ್ಬು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಚಕ್ರ ಎಲ್ಲಿದೆ ಎಂದು ಊಹಿಸಬೇಕಾಗಿಲ್ಲ. ಪೆಡಲುಗಳು ಮೇಲಿನಿಂದ ಜೋತುಬಿದ್ದಿಲ್ಲ. ಹೊಲಿಗೆ ಯಂತ್ರದ ಪೆಡಲಿನಂತೆ ನೆಲದಿಂದಲೇ ಎದ್ದಿವೆ, ಮೊದಲ ಹತ್ತು ನಿಮಿಷ ಕಾಲು ತಡವರಿಸುತ್ತದೆ. ಎಂಜಿನ್ ಶುರುವಾದಾಗ ಹಿಂದಿನಿಂದ ಫ್ಯಾನಿನ ಒಣ ಸದ್ದು ಕೇಳುತ್ತದೆ. ಆದರೆ ನಾನು ಹೇಳಬೇಕೆಂದಿರುವುದು ಸ್ಟಿಯರಿಂಗಿನ ವಿಷಯ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಧಾರಣ ತಿರುವೊಂದಕ್ಕೆ ಹೊರಳಿಸಿದರೂ ಅಂಗೈಗೆ ಭಾರ ಏರುವುದು ಗೊತ್ತಾಗುತ್ತದೆ, ತಿರುವು ಮುಗಿಯುವಾಗ ಅದು ಇಳಿಯುವುದೂ ಗೊತ್ತಾಗುತ್ತದೆ. ರಸ್ತೆಗೆ ತೇಪೆ ಹಾಕಿದ ಜಾಗ ಬಂದರೆ ಚಕ್ರ ಕೈಯಲ್ಲಿ ಸಣ್ಣಗೆ ಮಿಡಿಯುತ್ತದೆ. ಮುಂಭಾಗದಲ್ಲಿ ತೂಕ ಕಡಿಮೆ ಇರುವುದರಿಂದ ಏರಿನಲ್ಲಿ ವೇಗ ಹೆಚ್ಚಿಸಿದಾಗ ಮುಂದಿನ ಚಕ್ರಗಳು ಹಗುರಾದವು ಎಂದು ಕೈಯೇ ಹೇಳುತ್ತದೆ. ನಾನು ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದ ಬಲಗಳನ್ನು ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ಕೈಯಲ್ಲಿ ಹಿಡಿದೆ.

ಆಮೇಲೆ 992. ಇದರಲ್ಲಿ ದೋಷ ಹುಡುಕಿ ಹೇಳುವುದು ಕಷ್ಟ. ಹಳೆಯದರದು 272 ಅಶ್ವಶಕ್ತಿ, ಇದರದು 385. ಹಳೆಯದು ನೂರರ ವೇಗ ಮುಟ್ಟಲು 5.6 ಸೆಕೆಂಡು ತೆಗೆದುಕೊಂಡರೆ ಇದಕ್ಕೆ 4.2 ಸೆಕೆಂಡು ಸಾಕು. ಎಂಟು ಗೇರುಗಳ ಜೋಡಿ ಕ್ಲಚ್ಚಿನ ಪೆಟ್ಟಿಗೆ ಯಾವಾಗ ಗೇರು ಬದಲಿಸಿತು ಎಂಬುದೇ ತಿಳಿಯುವುದಿಲ್ಲ. ಮುಂದಿನ ಚಕ್ರಗಳ ಗೂಡಿನಲ್ಲಿ ನೀರು ಸಿಡಿಯುವ ಸದ್ದನ್ನು ಆಲಿಸುವ ಸಂವೇದಕಗಳಿವೆ. ರಸ್ತೆ ಒದ್ದೆಯಾಗಿದೆ ಎಂದು ಅವು ಗುರುತಿಸಿ ಚಾಲಕನನ್ನು ಎಚ್ಚರಿಸುತ್ತವೆ. ಅದೇ ತಿರುವುಗಳನ್ನು ಅದೇ ವೇಗದಲ್ಲಿ ದಾಟಿದೆ. ಏನೂ ಆಗಲಿಲ್ಲ. ಕಾರಿಗೆ ಆ ವೇಗ ಲೆಕ್ಕಕ್ಕೇ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮಾಲೀಕರು ಇನ್ನೂ ಜೋರಾಗಿ ಹೋಗಿ, ಆಗ ತಿಳಿಯುತ್ತದೆ ಎಂದರು. ನನಗೆ ಧೈರ್ಯ ಸಾಲಲಿಲ್ಲ, ರಸ್ತೆಯ ಮಿತಿಯೂ ಅಡ್ಡವಿತ್ತು.

ಮೈಸೂರಿಗೆ ಮರಳಿದ ಮೇಲೂ ಇದೇ ತಲೆಯಲ್ಲಿ ಸುತ್ತುತ್ತಿದೆ. 2011ರಲ್ಲಿ ಬಂದ 991ರಿಂದ, ದ್ರವದ ಒತ್ತಡದಿಂದ ಕೈಗೆ ನೆರವಾಗುವ ಹೈಡ್ರಾಲಿಕ್ ಸ್ಟಿಯರಿಂಗ್ ಹೋಗಿ ಮೋಟಾರಿನಿಂದ ನೆರವಾಗುವ ವಿದ್ಯುತ್ ಸ್ಟಿಯರಿಂಗ್ ಬಂತು. ಕಳೆದುಹೋದದ್ದೆಲ್ಲ ಅಲ್ಲೇ ಕಳೆದುಹೋಯಿತು ಎಂಬುದು ಸದ್ಯಕ್ಕೆ ನನ್ನ ತೀರ್ಮಾನ. ಓಡಿಸಿದವರು, ಬಿಚ್ಚಿ ಜೋಡಿಸಿದವರು, ಇಂಥ ಯಂತ್ರಗಳೊಡನೆ ಕೆಲಸ ಮಾಡಿದವರು ಇದು ಸರಿಯೋ ತಪ್ಪೋ ಬರೆಯಬೇಕೆಂದು ಕೋರುತ್ತೇನೆ.

ವಿಜಯನಗರ ನಾಲ್ಕನೇ ಹಂತ (ಮೈಸೂರು)

ಸರ್, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಆದರೂ ನಾನು ಹೊಸ ಕಾರಿನ ಪರವಾಗಿ ಮಾತಾಡಬೇಕಾಗಿದೆ. ಹಳೆಯ 911ಗಳ ಬಗ್ಗೆ ಪ್ರೀತಿಯಿಂದ ಬರೆಯುವವರು ಒಂದು ವಿಷಯವನ್ನು ಬೇಗ ದಾಟಿಬಿಡುತ್ತಾರೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ತಿರುಗಿ ಮುಂದಕ್ಕೆ ಬರುವ ಸ್ವಭಾವ ಆ ಕಾರುಗಳಿಗಿತ್ತು. 1975ರ ಮೊದಲ ಟರ್ಬೋ ಮಾದರಿಯಲ್ಲಿ 260 ಅಶ್ವಶಕ್ತಿ ಇತ್ತು, ಗೇರು ನಾಲ್ಕೇ. ಟರ್ಬೋ, ಅಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ, ತಡವಾಗಿ ಎಚ್ಚರಗೊಂಡು ಒಮ್ಮೆಗೇ ಬಲ ಸುರಿಸುತ್ತಿತ್ತು, ಅದೂ ಚಾಲಕ ಬೇಡವೆಂದುಕೊಂಡ ಕ್ಷಣದಲ್ಲಿ. ಅದನ್ನು ಸ್ವಭಾವ ಎಂದು ಕೊಂಡಾಡುವುದು ನನಗೆ ಒಪ್ಪಿಗೆಯಿಲ್ಲ, ಅದು ಅಪಾಯ.

2024ರಲ್ಲಿ ಬಂದ ಹೈಬ್ರಿಡ್ ಜಿಟಿಎಸ್ ಮಾದರಿಯನ್ನೂ ಗಮನಿಸಿ. ಅದರಲ್ಲಿ ಟರ್ಬೋದೊಳಗೇ ವಿದ್ಯುತ್ ಮೋಟಾರು ಇದೆ, ಆದ್ದರಿಂದ ಕಾಯುವ ಮಾತೇ ಇಲ್ಲ. ಒಟ್ಟು 541 ಅಶ್ವಶಕ್ತಿ, ಆದರೂ ಹಿಂದಿನ ಮಾದರಿಗಿಂತ ತೂಕ ಹೆಚ್ಚಿದ್ದು ಕೇವಲ 50 ಕೆ.ಜಿ. ಆಸುಪಾಸು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಹಾದಿಯ ಸುಮಾರು 20.8 ಕಿ.ಮೀ. ಉದ್ದದ ಸುತ್ತನ್ನು ಅದು 7 ನಿಮಿಷ 16.934 ಸೆಕೆಂಡಿನಲ್ಲಿ ಮುಗಿಸಿತು, ತನ್ನದೇ ಹಿಂದಿನ ಮಾದರಿಗಿಂತ 8.7 ಸೆಕೆಂಡು ಬೇಗ. ಇಷ್ಟು ಸಾಧಿಸಿಯೂ ಮಳೆಯಲ್ಲಿ ಸಾಮಾನ್ಯ ಚಾಲಕನನ್ನು ಸುರಕ್ಷಿತವಾಗಿ ಮನೆ ಮುಟ್ಟಿಸುವ ಕಾರನ್ನು ಕಟ್ಟಿದವರ ಶ್ರಮ ಕೈಗೆ ತಟ್ಟುವುದಿಲ್ಲ ಎಂಬ ಕಾರಣಕ್ಕೆ ಅದಕ್ಕೆ ಕಡಿಮೆ ಅಂಕ ಕೊಡುವುದು ನ್ಯಾಯವೇ?

ಮಂಡ್ಯ ಗ್ಯಾರೇಜು (ಮಂಡ್ಯ)

ಮೇಷ್ಟ್ರಿಗೆ ನಮಸ್ಕಾರ. ನಾನು 911 ಕಾರನ್ನು ಬಿಚ್ಚಿದವನಲ್ಲ, ಆದರೆ ಗಾಳಿಯಿಂದ ತಣಿಯುವ ಎಂಜಿನ್ನುಗಳೊಂದಿಗೆ ಮೂವತ್ತು ವರ್ಷ ಕಳೆದವನು. ನಮ್ಮ ತಂದೆಯವರು ಜಾವಾ, ಯೆಜ್ಡಿ ಗಾಡಿಗಳನ್ನೇ ರಿಪೇರಿ ಮಾಡುತ್ತಿದ್ದರು. ಮೈಸೂರಿನ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ ನಂತರವೂ ನಮ್ಮ ಅಂಗಡಿಗೆ ಆ ಗಾಡಿಗಳು ಬರುವುದು ನಿಲ್ಲಲಿಲ್ಲ.

ಹಿಂಭಾಗದ ತೂಕದ ವಿಷಯವನ್ನು ಮಂಡ್ಯದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಎರಡು ಚಕ್ರದ ಟ್ರೇಲರಿನಲ್ಲಿ ಅಚ್ಚಿನಿಂದ ಹಿಂದಕ್ಕೆ ಹೆಚ್ಚು ಹೊರೆ ತುಂಬಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿನ ಪ್ರತಿ ಹುಡುಗನೂ ನೋಡಿದ್ದಾನೆ. ಮೂಕಿ ಹಗುರಾಗುತ್ತದೆ, ಟ್ರ್ಯಾಕ್ಟರಿನ ಹಿಡಿತ ಸಡಿಲಾಗುತ್ತದೆ, ತಿರುವಿನಲ್ಲಿ ಒಮ್ಮೆಗೇ ವೇಗ ಇಳಿಸಿದರೆ ಹಿಂದಿನ ಹೊರೆ ತೂಗುಯ್ಯಾಲೆಯಂತೆ ಹೊರಕ್ಕೆ ಬೀಸುತ್ತದೆ. ಅದೇ ಹೊರೆ ಏರು ಹತ್ತುವಾಗ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. 911ರಲ್ಲಿರುವುದು ಇದೇ ಲಾಭ, ಇದೇ ನಷ್ಟ ಎಂದು ನನ್ನ ತಿಳಿವಳಿಕೆ.

ಇನ್ನು ತಣಿಸುವ ವಿಷಯ. 911ರ ಗಾಳಿಯ ಎಂಜಿನ್ನಿನಲ್ಲಿ ಫ್ಯಾನನ್ನು ಎಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತದೆ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಏಪ್ರಿಲಿನ ಮಧ್ಯಾಹ್ನ ಮಂಡ್ಯದ ಪೇಟೆ ಬೀದಿಯ ಗಾಡಿಗಳ ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ಗಾಳಿ ಬೇಕಾದ ಹೊತ್ತಿನಲ್ಲೇ ಗಾಳಿ ಸಿಗದೆ ಹೋಗುತ್ತದೆ. ನೀರು ಇದ್ದರೆ ರೇಡಿಯೇಟರಿನ ವಿದ್ಯುತ್ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತದೆ. ಹೀಗಾಗಿ ಸ್ಟಿಯರಿಂಗ್ ಹೇಗಾದರೂ ಇರಲಿ, ನಮ್ಮ ಸೀಮೆಯಲ್ಲಿ ದಿನವೂ ಓಡಿಸುವುದಾದರೆ ನಾನು ನೀರಿನ ಎಂಜಿನ್ನನ್ನೇ ಆರಿಸುತ್ತೇನೆ. 2018ರಲ್ಲಿ ಜಾವಾ ಮರಳಿ ಬಂದಾಗಲೂ 293 ಸಿಸಿಯ ನಾಲ್ಕು ಸ್ಟ್ರೋಕಿನ ಎಂಜಿನ್ನನ್ನು ದ್ರವದಿಂದಲೇ ತಣಿಸುವಂತೆ ಮಾಡಿದರು. ಹಳೆಯ ಗಿರಾಕಿಗಳು ಸದ್ದು ಅದಲ್ಲ ಎಂದು ಬೇಸರಪಡುತ್ತಾರೆ, ಆ ಬೇಸರ ನನಗೂ ಇದೆ. ಆದರೆ ಪ್ರತಿ ದಿನ ಬೆಂಗಳೂರಿಗೆ ಹೋಗಿ ಬರುವವನಿಗೆ ಹಳೆಯ ಯೆಜ್ಡಿ ಕೊಳ್ಳಿ ಎಂದು ನಾನು ಹೇಳಲಾರೆ.

ನನ್ನದೊಂದು ಪ್ರಶ್ನೆ ಇದೆ. ಆ 993ರಲ್ಲಿ ಆಯಿಲ್ ನೋಡುವ ಕಡ್ಡಿ ಇತ್ತೇ? ಇದ್ದರೆ ಹೇಗೆ ನೋಡುತ್ತಾರೆ?

ಸರಸ್ವತಿಪುರಂ ಮೇಷ್ಟ್ರು (ಮೈಸೂರು)

ಕಬ್ಬಿನ ಟ್ರೇಲರಿನ ಉದಾಹರಣೆ ಪಾಠ ಮಾಡುವ ಕಾಲದಲ್ಲಿ ನನಗೆ ಹೊಳೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಪೋರ್ಷೆಯ ಎಂಜಿನಿಯರುಗಳು ಆ ತೂಗುಯ್ಯಾಲೆಯನ್ನು ಹಿಡಿದು ನಿಲ್ಲಿಸಲು ಪಟ್ಟ ಪಾಡೇ ಈ ಕಾರಿನ ಚರಿತ್ರೆ ಎನ್ನಬಹುದು. ಮೊದಮೊದಲ ಕಾರುಗಳಲ್ಲಿ ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿ ತಲಾ 11 ಕೆ.ಜಿ. ತೂಕದ ಗಟ್ಟಿಗಳನ್ನು ಅಡಗಿಸಿಡುತ್ತಿದ್ದರು. 1969ರ ಮಾದರಿಗೆ ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು, ಎಂಜಿನ್ ಇದ್ದಲ್ಲೇ ಉಳಿಯಿತು. ಒಂದು ದೊಡ್ಡ ಬ್ಯಾಟರಿಯ ಬದಲು ಎರಡು ಸಣ್ಣ ಬ್ಯಾಟರಿಗಳನ್ನು ಮುಂಭಾಗದ ಎರಡು ಬದಿಗಳಲ್ಲಿ ಇಟ್ಟರು. 1973ರ ಕರೇರಾ ಆರ್‌ಎಸ್ ಕಾರಿನ ಬೆನ್ನಿಗೆ ಬಾತುಕೋಳಿಯ ಬಾಲದಂಥ ರೆಕ್ಕೆ ಬಂದದ್ದು ವೇಗದಲ್ಲಿ ಹಿಂಭಾಗ ಮೇಲೇಳುವುದನ್ನು ತಡೆಯಲು. 993ರ ಹಿಂಭಾಗಕ್ಕೆ ಬಹು ಕೊಂಡಿಗಳ ಹೊಸ ಸಸ್ಪೆನ್ಷನ್ ಕೊಟ್ಟರು. 991ರಲ್ಲಿ ಚಕ್ರಗಳ ನಡುವಿನ ಅಂತರವನ್ನು 100 ಮಿ.ಮೀ. ಹಿಗ್ಗಿಸಿದರು. ಎಂಜಿನ್ನನ್ನು ಮಧ್ಯಕ್ಕೆ ತಂದಿದ್ದರೆ ಇದಾವುದೂ ಬೇಕಿರಲಿಲ್ಲ. ಆದರೆ ಆಗ ಅದು 911 ಆಗಿ ಉಳಿಯುತ್ತಿರಲಿಲ್ಲ.

ತಣಿಸುವ ವಿಷಯದಲ್ಲಿ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಜೊತೆಗೆ ಒಂದು ಮಾತು ಸೇರಿಸುತ್ತೇನೆ. ಗಾಳಿಯನ್ನು ಕೈಬಿಟ್ಟದ್ದು ಅನುಕೂಲಕ್ಕಾಗಿ ಮಾತ್ರವಲ್ಲ. ಒಂದು ಸಿಲಿಂಡರಿಗೆ ಎರಡರ ಬದಲು ನಾಲ್ಕು ವಾಲ್ವುಗಳನ್ನು ಇಟ್ಟರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ, ಹೊಗೆಯೂ ಶುದ್ಧವಾಗುತ್ತದೆ. ಆದರೆ ಎರಡು ಎಗ್ಸಾಸ್ಟ್ ವಾಲ್ವುಗಳ ನಡುವಿನ ಕಿರಿದಾದ ಲೋಹದ ಸೇತುವೆಗೆ ಗಾಳಿ ತಲುಪುವುದಿಲ್ಲ, ಅಲ್ಲಿನ ಬಿಸಿಯನ್ನು ನೀರೇ ಹೊತ್ತೊಯ್ಯಬೇಕು. ಆದ್ದರಿಂದಲೇ 1986ರಲ್ಲಿ ಬಂದ ಪೋರ್ಷೆಯದೇ 959 ಕಾರಿನಲ್ಲಿ ಸಿಲಿಂಡರುಗಳಿಗೆ ಗಾಳಿ, ಅವುಗಳ ತಲೆಗೆ ನೀರು ಎಂಬ ನಡುವಿನ ದಾರಿ ಹಿಡಿದಿದ್ದರು. ಗಾಳಿಯ ಸಿಲಿಂಡರು ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಪಿಸ್ಟನ್ನಿಗೆ ಹೆಚ್ಚು ಸಡಿಲ ಬಿಡಬೇಕು, ಹಾಗೆ ಬಿಟ್ಟರೆ ಆಯಿಲ್ ಉರಿಯುತ್ತದೆ. ಇದರ ಮೇಲೆ ಸದ್ದಿನ ಕಾನೂನು ಬೇರೆ. ನೀರಿನ ಪದರವಿದ್ದರೆ ಸದ್ದು ಒಳಗೇ ತಗ್ಗುತ್ತದೆ, ರೆಕ್ಕೆಗಳಿರುವ ಸಿಲಿಂಡರಿನಲ್ಲಿ ಅದು ಹೊರಗೆ ಬಿದ್ದುಬಿಡುತ್ತದೆ. ನಾವು ಪ್ರೀತಿಸುವ ಆ ಒಣ ಸದ್ದೇ ಅದರ ಆಯಸ್ಸನ್ನು ಮುಗಿಸಿದ ಕಾರಣಗಳಲ್ಲಿ ಒಂದು.

ಆಯಿಲ್ ಕಡ್ಡಿಯ ಬಗ್ಗೆ ತಂಗಿಯ ಮಗನಿಂದ ಸರಿಯಾಗಿ ವಿಚಾರಿಸಿ ಬರೆಯುತ್ತೇನೆ.

ಟೈರು ಪ್ರಯೋಗಶಾಲೆ (ಮೈಸೂರು)

ನಾನು ಟೈರುಗಳ ಪರೀಕ್ಷೆಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳು. ಮೇಷ್ಟ್ರು ಎಲ್ಲ ಹೊಣೆಯನ್ನೂ ವಿದ್ಯುತ್ ಸ್ಟಿಯರಿಂಗಿನ ಮೇಲೆ ಹೊರಿಸಿರುವುದು ನನಗೆ ಸರಿ ಕಾಣಲಿಲ್ಲ.

ಮೊದಲ 911ಗೆ ನಾಲ್ಕೂ ಚಕ್ರಗಳಲ್ಲಿ 165 ಮಿ.ಮೀ. ಅಗಲದ, 15 ಇಂಚಿನ ಟೈರುಗಳಿದ್ದವು. ಈಗ ನಮ್ಮೂರಿನ ಚಿಕ್ಕ ಕುಟುಂಬದ ಕಾರುಗಳಿಗೂ ಆ ಅಗಲದ ಟೈರು ಬರುತ್ತದೆ. 16 ಇಂಚಿನ ಚಕ್ರಗಳ 993ಕ್ಕೆ ಮುಂದೆ 205, ಹಿಂದೆ 245. 992 ಕರೇರಾಗೆ ಮುಂದೆ 235, ಹಿಂದೆ 295. ಚಕ್ರಗಳು ಮುಂದೆ 19 ಇಂಚು, ಹಿಂದೆ 20 ಇಂಚು. ಅಂದರೆ ಇಂದಿನ ಕಾರಿನ ಮುಂದಿನ ಟೈರು 1964ರ ಕಾರಿನ ಟೈರಿಗಿಂತ 70 ಮಿ.ಮೀ. ಅಗಲ. ಇದರಿಂದ ಆಗುವುದೇನೆಂದರೆ, ಕಿರಿದಾದ, ಪಕ್ಕದ ಗೋಡೆ ಎತ್ತರವಿರುವ ಟೈರು ತಿರುವಿನ ಬಲಕ್ಕೆ ಮೊದಲಿನಿಂದಲೇ ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಜಾರುವ ಎಷ್ಟೋ ಮುಂಚೆಯೇ ಸಣ್ಣದಾಗಿ ನರಳಲು ತೊಡಗುತ್ತದೆ. ಟೈರು ತನ್ನ ನೆಲೆಗೆ ಮರಳಲು ತುಡಿಯುವ ಬಲವೇ ಸ್ಟಿಯರಿಂಗಿನಲ್ಲಿ ಕೈಗೆ ಸಿಗುವ ಭಾರ. ಹಿಡಿತ ಕಡಿಮೆಯಾಗುತ್ತಾ ಬಂದಂತೆ ಆ ಬಲ ಮೊದಲು ಇಳಿಯುತ್ತದೆ, ಆಮೇಲೆ ಟೈರು ಜಾರುತ್ತದೆ. ಈ ಎರಡರ ನಡುವಿನ ಅಂತರವೇ ಚಾಲಕನಿಗೆ ಸಿಗುವ ಎಚ್ಚರಿಕೆ. ಅಗಲವಾದ, ಗೋಡೆ ಗಿಡ್ಡವಾದ ಟೈರಿನಲ್ಲಿ ಹಿಡಿತ ಬಹಳ ಹೆಚ್ಚು, ಆದರೆ ಈ ಇಡೀ ಆಟ ನಡೆಯುವುದು ಬಹಳ ಮೇಲಿನ ವೇಗದಲ್ಲಿ. 50 ಕಿ.ಮೀ. ವೇಗದಲ್ಲಿ ಹೊಸ ಕಾರು ಏನೂ ಹೇಳಲಿಲ್ಲ ಎಂದರೆ, ಆ ವೇಗದಲ್ಲಿ ಅದರ ಟೈರಿಗೆ ಹೇಳಲು ಏನೂ ಇರಲಿಲ್ಲ. ಅದೇ ಕಾರಿಗೆ ಹೈಡ್ರಾಲಿಕ್ ಸ್ಟಿಯರಿಂಗ್ ಕೂರಿಸಿದ್ದರೂ ಮೇಷ್ಟ್ರ ಅಂಗೈಗೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ.

ತೂಕವನ್ನೂ ನೋಡಬೇಕು. ಮೊದಲನೆಯದು 1080 ಕೆ.ಜಿ., 993 ಸುಮಾರು 1370, 992 ಕರೇರಾ 1505. ತೂಕ ಏರಿದರೆ ಟೈರು ಅಗಲವಾಗಬೇಕು, ಟೈರು ಅಗಲವಾದರೆ ಅದನ್ನು ಹೊರುವ ಭಾಗಗಳು ಗಟ್ಟಿಯಾಗಬೇಕು, ಆಗ ತೂಕ ಮತ್ತೆ ಏರುತ್ತದೆ. ಹೊಸ ಕಾರನ್ನು ಮಾಡಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಅಪಘಾತದಲ್ಲಿ ಒಳಗಿನವರನ್ನು ಕಾಯುವ ಚೌಕಟ್ಟು, ಗಾಳಿಚೀಲಗಳು, ಸದ್ದು ತಡೆಯುವ ಪದರಗಳು ಇವೆಲ್ಲಕ್ಕೂ ಜಾಗ ಬೇಕು, ತೂಕ ಬೇಕು.

ಶ್ರೀರಂಗಪಟ್ಟಣ ಕೋಟೆ (ಮಂಡ್ಯ ಜಿಲ್ಲೆ)

ಅಗಲದ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಕಾರಿನ ಒಟ್ಟು ಅಗಲ ಎಷ್ಟು ಬೆಳೆದಿದೆ? ನಮ್ಮ ಕೋಟೆಯೊಳಗಿನ ಬೀದಿಗಳಲ್ಲಿ ಎದುರಿನಿಂದ ಒಂದು ಆಟೋ ಬಂದರೂ ಉಸಿರು ಬಿಗಿಹಿಡಿಯಬೇಕಾಗುತ್ತದೆ.

ಟೈರು ಪ್ರಯೋಗಶಾಲೆ (ಮೈಸೂರು)

ಮೊದಲ ಕಾರು 1610 ಮಿ.ಮೀ., 993 ಕಾರು 1735, 992 ಕಾರು 1852. ಇದರಲ್ಲಿ ಕನ್ನಡಿಗಳು ಸೇರಿಲ್ಲ.

ಕುವೆಂಪುನಗರ ಎಂ ಬ್ಲಾಕು (ಮೈಸೂರು)

ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿದ್ದು ಊರಿಗೆ ಮರಳಿದವನು ನಾನು. ಅಲ್ಲಿ ಆರು ವರ್ಷ ನನ್ನ ಬಳಿ 996 ಇತ್ತು, ಅಂದರೆ ಯಾರೂ ಹೊಗಳದ ಪೀಳಿಗೆ. ಇಲ್ಲಿಯವರೆಗಿನ ಮಾತುಗಳಲ್ಲಿ ಎಲ್ಲರೂ 993ರಿಂದ ನೇರವಾಗಿ 991ಕ್ಕೆ ಹಾರಿರುವುದರಿಂದ ನಡುವಿನ ಹದಿನಾಲ್ಕು ವರ್ಷಗಳ ಪರವಾಗಿ ಬರೆಯುತ್ತಿದ್ದೇನೆ.

1997ರಲ್ಲಿ ಬಂದ 996 ನೀರಿನಿಂದ ತಣಿಯುವ ಮೊದಲ 911. 3.4 ಲೀಟರಿನ ಎಂಜಿನ್, 300 ಅಶ್ವಶಕ್ತಿ. ಹಣದ ಮುಗ್ಗಟ್ಟಿನಲ್ಲಿದ್ದ ಕಂಪನಿ ಬಾಕ್ಸ್‌ಸ್ಟರ್ ಎಂಬ ಕಡಿಮೆ ಬೆಲೆಯ ಕಾರಿನೊಂದಿಗೆ ಇದರ ಮುಂಭಾಗವನ್ನೂ ಬಾಗಿಲುಗಳನ್ನೂ ಹಂಚಿಕೊಂಡಿತು. ದುಂಡನೆಯ ದೀಪಗಳು ಹೋಗಿ, ಹಳದಿ ಒಡೆದ ಮೊಟ್ಟೆಯ ಆಕಾರದ ದೀಪಗಳು ಬಂದವು. ಅದಕ್ಕಾಗಿ ಜನ ಕ್ಷಮಿಸಲಿಲ್ಲ. ಎಂಜಿನ್ನಿನೊಳಗಿನ ಮಧ್ಯದ ದಂಡದ ಬೇರಿಂಗ್ ಕೆಲವು ಕಾರುಗಳಲ್ಲಿ ಸವೆದು ಇಡೀ ಎಂಜಿನ್ನನ್ನೇ ಹಾಳುಮಾಡುತ್ತಿತ್ತು, ಅದು ನಿಜ. 2008ರ ಹೊಸ ಎಂಜಿನ್ನಿನಲ್ಲಿ ಆ ದಂಡವನ್ನೇ ತೆಗೆದುಹಾಕಿದರು. ಆದರೆ ಟರ್ಬೋ ಮತ್ತು ಜಿಟಿ3 ಮಾದರಿಗಳಲ್ಲಿ ಪೋರ್ಷೆಯ ಎಂಜಿನಿಯರ್ ಹಾನ್ಸ್ ಮೆಟ್ಸ್‌ಗರ್ ಅವರ ಹಳೆಯ ವಿನ್ಯಾಸದಿಂದ ಬೆಳೆದುಬಂದ ಬೇರೆ ಎಂಜಿನ್ ಇತ್ತು, ಅದಕ್ಕೆ ಈ ತೊಂದರೆಯಿರಲಿಲ್ಲ. ನನ್ನ ಕಾರಿನಲ್ಲಿ ಕ್ಲಚ್ಚು ಬದಲಿಸುವಾಗ ಮುನ್ನೆಚ್ಚರಿಕೆಯಾಗಿ ಆ ಬೇರಿಂಗನ್ನೂ ಬದಲಿಸಿದೆ. ತೆಗೆದ ಬೇರಿಂಗ್ ಚೆನ್ನಾಗಿಯೇ ಇತ್ತು.

ಹೇಳಬೇಕಾದದ್ದು ಇದು. 996ರಲ್ಲೂ ಅದರ ನಂತರದ 997ರಲ್ಲೂ ನೀರಿನ ಎಂಜಿನ್ ಇದೆ, ನಾಲ್ಕು ವಾಲ್ವುಗಳಿವೆ, ಮಂಡ್ಯದ ಬಿಸಿಲಿಗೂ ಹೆದರಬೇಕಾಗಿಲ್ಲ. ಸ್ಟಿಯರಿಂಗ್ ಮಾತ್ರ ಹೈಡ್ರಾಲಿಕ್, ದೇಹ ಇನ್ನೂ ಕಿರಿದು. ವೇಲ್ಸ್‌ನ ಬೆಟ್ಟದ ರಸ್ತೆಗಳಲ್ಲಿ ಬದುಗಳ ನಡುವೆ ನಾನು ಓಡಿಸಿದ ಆ ಕಾರು ಮೇಷ್ಟ್ರು 993ರಲ್ಲಿ ಕಂಡದ್ದನ್ನೇ ನನಗೂ ಹೇಳುತ್ತಿತ್ತು. ಹಾಗಾದರೆ ಗೆರೆ ಎಳೆಯಬೇಕಾದದ್ದು ಗಾಳಿ, ನೀರುಗಳ ನಡುವೆ ಅಲ್ಲ. ಈ ಚರ್ಚೆಯ ತಲೆಬರಹವೇ ತಪ್ಪು ಜಾಗದಲ್ಲಿ ಗೆರೆ ಎಳೆದಿದೆ ಎಂದು ವಿನಯದಿಂದ ಹೇಳುತ್ತೇನೆ.

ಇನ್ನೊಂದು ಸಂಗತಿ. 1980ರ ಹೊತ್ತಿಗೆ 911ನ್ನು ನಿಲ್ಲಿಸಿ ಮುಂದೆ ಎಂಜಿನ್ ಇರುವ 928 ಕಾರನ್ನೇ ಮುಂದುವರಿಸಲು ಕಂಪನಿ ನಿರ್ಧರಿಸಿತ್ತು. 1981ರಲ್ಲಿ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಸ್ ಅವರು ಕಂಪನಿಯ ಹಿರಿಯ ಎಂಜಿನಿಯರ್ ಹೆಲ್ಮುತ್ ಬಾಟ್ ಅವರ ಕೋಣೆಯ ಗೋಡೆಯ ನಕ್ಷೆಯಲ್ಲಿ 911ರ ಗೆರೆ ಅರ್ಧಕ್ಕೇ ನಿಂತಿದ್ದನ್ನು ಕಂಡು, ಪೆನ್ನು ತೆಗೆದುಕೊಂಡು ಆ ಗೆರೆಯನ್ನು ನಕ್ಷೆಯಾಚೆ ಗೋಡೆಯ ಮೇಲೂ ಎಳೆದರು ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಗೆರೆ ಇಲ್ಲದಿದ್ದರೆ 993, 996, 992 ಯಾವುದೂ ಇರುತ್ತಿರಲಿಲ್ಲ. ಈ ಕಾರಣಕ್ಕೂ ಪೀಳಿಗೆಗಳನ್ನು ಒಂದರ ಮೇಲೊಂದು ಎತ್ತಿಕಟ್ಟಲು ನನಗೆ ಮನಸ್ಸು ಬರುವುದಿಲ್ಲ.

ಸರಸ್ವತಿಪುರಂ ಮೇಷ್ಟ್ರು (ಮೈಸೂರು)

ಎಲ್ಲರಿಗೂ ಕೃತಜ್ಞತೆಗಳು. ಟೈರಿನ ಬಗ್ಗೆ ಬರೆದ ಸೋದರಿಯ ಮಾತುಗಳನ್ನು ಓದಿದ ಮೇಲೆ ನಾನು ಮೊದಲು ಬರೆದ ತೀರ್ಮಾನವನ್ನು ತಿದ್ದಿಕೊಳ್ಳಬೇಕಾಗಿದೆ. ಟೈರು ತನ್ನ ನೆಲೆಗೆ ಮರಳುವ ಬಲವನ್ನು ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದೆ. ಕೈಯಲ್ಲಿ ಅನುಭವಿಸಿದಾಗ ಅದನ್ನು ಮರೆತು, ಸ್ಟಿಯರಿಂಗಿನ ಯಂತ್ರವೊಂದನ್ನೇ ಕಾರಣವೆಂದು ಹಿಡಿದುಕೊಂಡೆ. 996 ಓಡಿಸಿದವರ ಅನುಭವವೂ ಅದೇ ಕಡೆಗೆ ಬೆರಳು ತೋರಿಸುತ್ತದೆ.

ಈಗ ನನಗೆ ಕಾಣುತ್ತಿರುವುದು ಇದು: ಕಾರು ಚಾಲಕನೊಡನೆ ಮಾತು ಶುರುಮಾಡುವ ವೇಗ ಪೀಳಿಗೆಯಿಂದ ಪೀಳಿಗೆಗೆ ಮೇಲೇರುತ್ತಾ ಬಂದಿದೆ. 993 ಗಂಟೆಗೆ 50 ಕಿ.ಮೀ. ವೇಗದಲ್ಲೇ ಮಾತಾಡುತ್ತದೆ. 992 ಕೂಡ ಮೂಗಿಯಲ್ಲ, ಆದರೆ ಅದರ ಮಾತು ಕೇಳಬೇಕಾದರೆ ನ್ಯೂರ್ಬರ್ಗ್‌ರಿಂಗ್‌ನಂಥ ಜಾಗಕ್ಕೆ ಹೋಗಬೇಕು. ನಮ್ಮ ಮೈಸೂರು ಬೆಂಗಳೂರು ದಶಪಥದಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ, ಮೀರಿದರೆ ಕ್ಯಾಮೆರಾ ಹಿಡಿಯುತ್ತದೆ, ಹಿಡಿಯಲೇಬೇಕು. ಆ ದಾರಿ ಶುರುವಿನಲ್ಲಿ ಎಷ್ಟು ಜೀವ ತೆಗೆಯಿತು ಎಂಬುದನ್ನು ಮಂಡ್ಯ ಜಿಲ್ಲೆಯವರು ಮರೆತಿಲ್ಲ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ನಡೆದು ಹೋಗುವ ಭಕ್ತರಿರುತ್ತಾರೆ, ಅಲ್ಲಿ 40 ಕೂಡ ಹೆಚ್ಚೇ. ಇಂಥ ನೆಲದಲ್ಲಿ ನೋಡಿದರೆ 541 ಅಶ್ವಶಕ್ತಿಯ ಕಾರಿನ ನಿಜವಾದ ಗುಣ ಅದರ ಮಾಲೀಕನಿಗೇ ಒಮ್ಮೆಯೂ ತಿಳಿಯದೆ ಹೋಗಬಹುದು, 1080 ಕೆ.ಜಿ. ತೂಕದ, 165 ಮಿ.ಮೀ. ಟೈರಿನ ಕಾರಿನ ಗುಣ ಬೋಗಾದಿ ರಸ್ತೆಯಲ್ಲಿಯೂ ತಿಳಿಯುತ್ತದೆ.

ವಿಜಯನಗರದ ಯುವಕರು ಕೇಳಿದ ನ್ಯಾಯದ ಪ್ರಶ್ನೆಗೆ ನನ್ನ ಉತ್ತರ ಅರ್ಧ ಮಾತ್ರ. ಮಳೆಯಲ್ಲಿ ಮಗಳನ್ನು ಕೂರಿಸಿಕೊಂಡು ಮಡಿಕೇರಿಗೆ ಹೋಗಬೇಕಾದರೆ ಎರಡು ಮಾತಿಲ್ಲದೆ 992ರ ಕೀಲಿಯನ್ನೇ ಕೇಳುತ್ತೇನೆ. ಮೊದಲ ಟರ್ಬೋ ಬಗ್ಗೆ ನೀವು ಹೇಳಿದ್ದೂ ಸರಿ, ಚಾಲಕನನ್ನು ಎಚ್ಚರಿಸದೆ ತಿರುಗಿಬೀಳುವ ಕಾರನ್ನು ನಾನು ಹೊಗಳಲಾರೆ. ಆದರೆ ಚಾಲನೆ ಎಂದರೆ ಏನೆಂದು ಯಾರಿಗಾದರೂ ಕಲಿಸಬೇಕಾದರೆ ನಾನು 993ನ್ನು ಆರಿಸುತ್ತೇನೆ. ಅದು ಸಿಗದಿದ್ದರೆ ಕುವೆಂಪುನಗರದವರು ಹೇಳಿದಂತೆ 996 ಅಥವಾ ಅದರ ನಂತರದ 997. ತಲೆಬರಹದಲ್ಲಿ ಗೆರೆ ತಪ್ಪು ಜಾಗದಲ್ಲಿದೆ ಎಂಬುದನ್ನೂ ಒಪ್ಪುತ್ತೇನೆ, ಆದರೆ ಉತ್ತರಗಳೆಲ್ಲ ಅದನ್ನೇ ಹಿಡಿದು ಬಂದಿರುವುದರಿಂದ ಈಗ ಬದಲಿಸುವುದಿಲ್ಲ.

ಮಂಡ್ಯದ ಮಿತ್ರರು ಕೇಳಿದ ಆಯಿಲ್ ಕಡ್ಡಿಯ ವಿಷಯ ನಿನ್ನೆ ರಾತ್ರಿ ಫೋನಿನಲ್ಲಿ ಖಚಿತವಾಯಿತು. 993ರಲ್ಲಿ ಕಡ್ಡಿ ಇದೆ, ಆದರೆ ನೀವು ಬೇರೆ ಕಾರುಗಳಲ್ಲಿ ಮಾಡುವಂತೆ ಎಂಜಿನ್ ಆರಿಸಿ ನೋಡುವ ಹಾಗಿಲ್ಲ. ಆಯಿಲ್ ಎಂಜಿನ್ನಿನ ತಳದಲ್ಲಿ ನಿಲ್ಲದೆ ಬೇರೆ ತೊಟ್ಟಿಯಲ್ಲಿರುತ್ತದೆ, ಎಂಜಿನ್ ನಿಂತರೆ ಮಟ್ಟ ಏರುಪೇರಾಗಿ ಲೆಕ್ಕ ತಪ್ಪುತ್ತದೆ. ಆದ್ದರಿಂದ ಚೆನ್ನಾಗಿ ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ಕಡ್ಡಿ ಎಳೆದು ನೋಡಬೇಕು. 992ರಲ್ಲಿ ಕಡ್ಡಿಯೇ ಇಲ್ಲ, ಮಟ್ಟವನ್ನು ಪರದೆಯ ಮೇಲೆ ತೋರಿಸುತ್ತದೆ. ಆ ಭಾನುವಾರ ಬೆಟ್ಟದ ಮೇಲೆ ಚಹಾ ಕುಡಿದು ಹೊರಡುವ ಮುಂಚೆ ಮಾಲೀಕರು ಹಿಂದಿನ ಮುಚ್ಚಳ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು, ಹಳೆಯ ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ನನಗೆ ತೋರಿಸಿದರು. ಆಯಿಲ್ ಎರಡು ಗುರುತುಗಳ ನಡುವೆ ಇತ್ತು. ಕಡ್ಡಿಯನ್ನು ಒಳಗೆ ತಳ್ಳಲು ನನ್ನ ಕೈಗೆ ಕೊಟ್ಟರು.